ಗಾರೆಯ ಹಿಂದಿನ ದ್ರಾಕ್ಷಿ

ಇಂಗ್ಲೆಂಡಿನ ಸಫೋಕ್ ಸೀಮೆಯ ಆ ಪೇಟೆಬೀದಿಯಲ್ಲಿ ಹೆಟ್ಟಿ ಗ್ಯಾರಡ್‌ಳ ನೂಲು-ಗುಂಡಿಯ ಅಂಗಡಿಗೆ ಬಾಗಿಲು ತಗ್ಗು. ಕೆಳಗೆ ಅಂಗಡಿ, ಮೇಲೆ ಮನೆ. ಮೇಲಂತಸ್ತು ಒಂದು ಮೊಳ ಬೀದಿಯ ಕಡೆಗೆ ಚಾಚಿಕೊಂಡು, ಹೋಗಿಬರುವವರ ಮುಖ ಬಗ್ಗಿ ನೋಡುವ ಮುದುಕಿಯಂತೆ ನಿಂತಿತ್ತು. ನೆಲ ಓರೆ; ಕೈಜಾರಿದ ಗುಂಡಿ ತಾನೇ ಉರುಳಿ ಒಲೆಯ ಹತ್ತಿರ ಹೋಗಿ ಕೂರುತ್ತಿತ್ತು. ಯಾರೇ ಒಳಗೆ ಬಂದರೂ ಹೆಟ್ಟಿ ಹೆಣಿಗೆಯಿಂದ ಕಣ್ಣೆತ್ತದೆ, "ತಲೆ ಜೋಪಾನ ಕಂದ" ಅನ್ನುವಳು. ಪಾದ್ರಿಗೂ ಅದೇ, ಪೋಲೀಸಿನವನಿಗೂ ಅದೇ.

ಮನೆ ಮಾತ್ರ ಅವಳದಲ್ಲ. ಮಾವ ಅದನ್ನು ಹಿರಿಮಗ ಸಿರಿಲ್‌ಗೆ ಬಿಟ್ಟುಹೋಗಿದ್ದ. ಹೆಟ್ಟಿಯ ಗಂಡ ಪರ್ಸಿ ಕಿರಿಯವನು, ಎದೆ ಸರಿಯಿಲ್ಲದವನು, ಅಣ್ಣನ ಬಾಡಿಗೆದಾರನಾಗಿಯೇ ಬಾಳಿದ. ಎರಡನೇ ಮಹಾಯುದ್ಧ ಮುಗಿದ ಮೇಲಿನ ಆ ಕೆಟ್ಟ ಚಳಿಗಾಲದಲ್ಲಿ ಹೆಂಚು ಸರಿದು ಅವನ ಹಾಸಿಗೆಯ ಮೇಲೇ ನೀರು ತೊಟ್ಟಿಕ್ಕತೊಡಗಿತು. ಹೆಟ್ಟಿ ಭಾವನ ಮನೆಗೆ ಹೋಗಿ ಬೇಡಿಕೊಂಡಳು. ಸಿರಿಲ್ ಹಂದಿಮಾಂಸದ ಕಡುಬು ಅಗಿಯುತ್ತಲೇ ಹೇಳಿದ: "ಮಂಚ ಒಂಚೂರು ಆಚೆ ಸರ್ಸಮ್ಮ. ಅದಕ್ಯಾಕೆ ಇಷ್ಟು ಗೋಳು?"

ವಸಂತ ಬರುವ ಮೊದಲೇ ಪರ್ಸಿ ಹೋದ. ಹೆಟ್ಟಿ ಅತ್ತದ್ದನ್ನು ಯಾರೂ ಕಾಣಲಿಲ್ಲ.

ಕೆಲವು ವರ್ಷ ಕಳೆದ ಮೇಲೆ ಸಿರಿಲ್, ಮನೆ ಕೆಡವಿ ಜಾಗವನ್ನು ಪೆಟ್ರೋಲ್ ಬಂಕಿನವರಿಗೆ ಮಾರುತ್ತೇನೆ, ಮುಂದಿನ ಬೇಸಿಗೆಯೊಳಗೆ ಖಾಲಿ ಮಾಡು ಎಂದ. ಹೆಟ್ಟಿ ತಲೆಯಾಡಿಸಿದಳು. ಆದರೆ ಪರ್ಸಿ ಹೇಳಿದ್ದೊಂದು ಅವಳಿಗೆ ನೆನಪಿತ್ತು. ಚಿಕ್ಕಂದಿನಲ್ಲಿ ಕಿಟಕಿಯ ಕೆಳಗಿನ ಗಾರೆಯ ತೂತಿಗೆ ಬೆರಳು ತೂರಿಸಿದಾಗ, ಮರದಲ್ಲಿ ಕೆತ್ತಿದ ದ್ರಾಕ್ಷಿ ಗೊಂಚಲು ಕೈಗೆ ತಾಗಿತ್ತಂತೆ. ಹಿಂದಿನವರು ಯಾರೋ ಮರದ ಮನೆ ಹಳೇ ಕಾಲದ್ದೆಂದು ನಾಚಿಕೊಂಡು ಅದರ ಇಡೀ ಮುಂಗೋಡೆಗೆ ಗಾರೆ ಬಳಿದಿದ್ದರು. ಸಿರಿಲ್ ಅದನ್ನು ನಂಬಿರಲೇ ಇಲ್ಲ.

ಬದುಕಿದ್ದಾಗ ಎಲೆ ಉದುರುವ ಕಾಲಕ್ಕೆ ಪರ್ಸಿ ಏಣಿ ಹತ್ತಿ ಸೂರಿನಂಚಿನ ಮಳೆನೀರಿನ ದೋಣಿ ಚೊಕ್ಕಟ ಮಾಡುತ್ತಿದ್ದ. ಆ ವರ್ಷ ಹೆಟ್ಟಿ ಹತ್ತಿದಳು. ಎಲೆ ತೆಗೆಯಲಿಲ್ಲ. ಪರ್ಸಿಯ ಹಳೇ ಉಣ್ಣೆಯ ಕಾಲುಚೀಲವನ್ನು ನೀರಿಳಿಯುವ ಕೊಳವೆಯ ಬಾಯಿಗೆ ತುರುಕಿ, ಇಳಿದು ಬಂದು ಚಹಾ ಕಾಸಿಕೊಂಡಳು. ಮಳೆನೀರೆಲ್ಲ ಗೋಡೆಗಿಳಿಯಿತು. ಗಾರೆ ಕುಡಿಯಿತು, ಉಬ್ಬಿತು, ಚಳಿಗೆ ಒಳಗೇ ಹೆಪ್ಪುಗಟ್ಟಿ ಬಿರಿಯಿತು. ಸಿರಿಲ್ ಕಂಡೂ ಸುಮ್ಮನಾದ. ಕೆಡವುವ ಮನೆಗೆ ದುರಸ್ತಿ ಯಾಕೆ?

ಹಿಮ ಕರಗಿದ ಮೇಲೆ ಬಂದ ಭಾನುವಾರ ಊರೆಲ್ಲ ಚರ್ಚಿನಲ್ಲಿತ್ತು. ಹೆಟ್ಟಿ ನೆಗಡಿಯ ನೆಪ ಹೇಳಿ ಮನೆಯಲ್ಲುಳಿದಳು. ಮೇಲಿನ ಕಿಟಕಿಯಿಂದ ಬಗ್ಗಿ ಪೊರಕೆಯ ಹಿಡಿಯಿಂದ ತಿವಿದಳು. ಗಾರೆ ಹುಣ್ಣಿನ ಹಕ್ಕಳೆಯಂತೆ ಕಳಚಿ ಖಾಲಿ ಬೀದಿಗೆ ಬಿತ್ತು.

ಪ್ರಾರ್ಥನೆ ಮುಗಿಸಿ ಬಂದವರ ಕಣ್ಣೆದುರು ಕಪ್ಪು ಓಕ್ ತೊಲೆಗಳು, ಅವುಗಳಲ್ಲಿ ಕೆತ್ತಿದ ಬಳ್ಳಿ, ದ್ರಾಕ್ಷಿ, ನಾಲಿಗೆ ಚಾಚಿದ ಒಂದು ಮುಖ. ಆ ನಾಲಿಗೆ ಸಿರಿಲ್ ಕಡೆಗೇ ಇತ್ತೆಂದು ಅಂಚೆಮನೆಯ ಮಿಸ್ ಥರ್ಲೋ ಕೊನೆವರೆಗೂ ಹೇಳುತ್ತಿದ್ದಳು. ಹಳೇ ಕಟ್ಟಡ ನೋಡಿಕೊಳ್ಳುವ ಸರ್ಕಾರದವರನ್ನು ಕರೆಸಿದವಳೂ ಅವಳೇ. ಅವರು ಬಂದು ನೋಡಿ ಆಜ್ಞೆ ಹೊರಡಿಸಿದರು: ಒಂದು ಮರದ ಮೊಳೆಯನ್ನೂ ಕೀಳುವಂತಿಲ್ಲ, ಸೂರು, ತೊಲೆ, ಹೆಂಚು ಎಲ್ಲವನ್ನೂ ಒಡೆಯನೇ ಸರಿಪಡಿಸಬೇಕು. ಪೆಟ್ರೋಲಿನವರು ಬೇರೆ ಜಾಗ ಹಿಡಿದರು.

ಬಡಗಿಗಳ ಕೆಲಸ ನೋಡಲು ಸಿರಿಲ್ ಅಂಗಡಿಗೆ ಬಂದ. ಹೆಟ್ಟಿ ಹೆಣೆಯುತ್ತಿದ್ದಳು. ಏನೂ ಹೇಳಲಿಲ್ಲ. ಅವನ ಹಣೆ ಬಾಗಿಲ ತೊಲೆಗೆ ಬಡಿದ ಸದ್ದು ಹಿಂದಿನ ಅಡುಗೆಮನೆಗೂ ಕೇಳಿಸಿರಬೇಕು.

ಹಣೆ ಒತ್ತಿಕೊಂಡು, ಈ ಹಾಳು ಮನೆಯಿಂದ ತನಗೆ ರಾತ್ರಿ ನಿದ್ದೆಯೇ ಇಲ್ಲವೆಂದು ಅವನು ಗೊಣಗಿದ.

"ಮಂಚ ಒಂಚೂರು ಆಚೆ ಸರ್ಸಿ ನೋಡಿ, ಭಾವ," ಎಂದಳು ಹೆಟ್ಟಿ.

ಆಮೇಲೂ ದುರಸ್ತಿಗೆಂದು ಅವನು ಬರಲೇಬೇಕಾಯಿತು, ಸಾಯುವತನಕ. ಒಂದು ಸಲವೂ ಅವಳು ಎಚ್ಚರಿಸಲಿಲ್ಲ.