ಗುಳಿಗೆಯಮ್ಮನ ಫೋಟೋ

ಆರೋಗ್ಯ ಕೇಂದ್ರದಲ್ಲಿ ಎಲ್ಲರೂ ಅವಳನ್ನು ಗುಳಿಗೆಯಮ್ಮ ಎನ್ನುತ್ತಿದ್ದರು. ಹೊರಗೆ ಬೀದಿಗಳಲ್ಲಿ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ಅವಳೇ ನೋಡಿಕೊಂಡಿದ್ದಳು. ಒಂದು ಮನೆಗೆ ಅವಳು ದೂರದ ಸೋದರತ್ತೆ. ಇನ್ನೊಂದು ಮನೆಗೆ ಕಸೂತಿ ಕಲಿಯಲು ಬರುವವಳು. ಮೂರನೆಯ ಬೀದಿಯ ದರ್ಜಿಯ ಮನೆಗೆ ಹರಿದ ಬಟ್ಟೆ ಹೊಲಿಸಲು ಬರುವ ಗಿರಾಕಿ. ನಾಲ್ಕು ತಿಂಗಳಿಂದ ದಿನವೂ ಏನಾದರೊಂದು ಬಟ್ಟೆ ಹಿಡಿದೇ ಹೋಗುತ್ತಿದ್ದಳು.

"ನಿಮ್ಮ ಮನೇಲಿ ಹರಿದ ಬಟ್ಟೆ ಇನ್ನೂ ಮುಗಿದಿಲ್ವಾ?" ಎಂದು ದರ್ಜಿ ಒಮ್ಮೆ ಕೇಳಿದ.

"ಯಾವತ್ತೋ ಮುಗೀತು. ಈಗ ನಾನೇ ಹರಿದು ತರ್ತಿದೀನಿ," ಎಂದಳು.

ಅವಳ ಕೆಲಸ ಇಷ್ಟೇ. ಕ್ಷಯ ಬಂದವರು ಆರು ತಿಂಗಳು ಒಂದು ದಿನವೂ ತಪ್ಪದೆ ಮಾತ್ರೆ ನುಂಗಬೇಕು. ನುಂಗುವುದನ್ನು ಅವಳು ಎದುರಿಗೆ ನಿಂತು ನೋಡಬೇಕು. "ಆಗಲೇ ತಗೊಂಡೆ" ಎಂದರೆ ನಂಬುತ್ತಿರಲಿಲ್ಲ. ಎರಡು ತಿಂಗಳು ಕಳೆಯುವ ಹೊತ್ತಿಗೆ ಮೈ ಹಗುರಾಗುತ್ತದೆ, ಹಸಿವು ಮರಳುತ್ತದೆ, ಇನ್ನು ಮಾತ್ರೆ ಯಾಕೆ ಅನ್ನಿಸುತ್ತದೆ. ಅಲ್ಲಿ ಬಿಟ್ಟರೆ ರೋಗ ಮೊದಲಿಗಿಂತ ಗಟ್ಟಿಯಾಗಿ ತಿರುಗಿ ಬರುತ್ತದೆ.

ವೇಷ ಕಟ್ಟುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷ ಬಿಳಿ ಕೋಟು ಹಾಕಿಕೊಂಡು, ಕೇಂದ್ರದ ಹೆಸರು ಬರೆದ ಚೀಲ ತೂಗುಹಾಕಿಕೊಂಡು, ಪಾತ್ರೆ ತೊಳೆಯುವ ಒಬ್ಬ ಹೆಂಗಸಿನ ಮನೆಗೆ ಹೋಗಿದ್ದಳು. ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು. ಅವಳು ಕೆಲಸ ಮಾಡುತ್ತಿದ್ದ ಐದು ಮನೆಯವರೂ ಆ ಹೆಂಗಸನ್ನು ಬಿಡಿಸಿದರು. ಒಂದು ವಾರದಲ್ಲಿ ಅವಳು ಬಾಗಿಲಿಗೆ ಬೀಗ ಹಾಕಿ ಹೊರಟುಹೋದಳು. ಎಲ್ಲಿಗೆಂದು ತಿಳಿಯಲಿಲ್ಲ. ಮಾತ್ರೆಯ ಪೊಟ್ಟಣ ಕಿಟಕಿಯ ಮೇಲೆಯೇ ಉಳಿದಿತ್ತು. ಅದಾದ ಮೇಲೆ ಇಪ್ಪತ್ತೆರಡು ವರ್ಷದಲ್ಲಿ ಗುಳಿಗೆಯಮ್ಮನ ಕೈಯಿಂದ ಒಬ್ಬ ರೋಗಿಯೂ ತಪ್ಪಿಸಿಕೊಂಡಿರಲಿಲ್ಲ.

ಆ ಕಾರಣಕ್ಕೇ ಪ್ರಶಸ್ತಿ ಬಂತು. ಜನರ ಆರೋಗ್ಯಕ್ಕಾಗಿ ದುಡಿದವರಲ್ಲಿ ಮುಂಚೂಣಿಯ ಹತ್ತು ಮಂದಿಯನ್ನು ಇಲಾಖೆ ಆರಿಸಿತ್ತು. ಒಂಬತ್ತು ಮಂದಿ ಡಾಕ್ಟರರು, ದೊಡ್ಡ ಅಧಿಕಾರಿಗಳು. ಹತ್ತನೆಯವಳು ಇವಳು. ಪತ್ರ ಬಂದ ಹದಿಮೂರನೆಯ ದಿನ ಸನ್ಮಾನ, ಮಾರನೆಯ ಬೆಳಿಗ್ಗೆ ಎಲ್ಲ ಪತ್ರಿಕೆಯಲ್ಲೂ ಫೋಟೋ.

ಮನೆಯಲ್ಲಿ ಅತ್ತೆ ಕನ್ನಡಕ ಒರೆಸಿಕೊಂಡು ಪತ್ರವನ್ನು ಎರಡು ಸಲ ಓದಿದರು. "ನನ್ನ ಮಗನ ಫೋಟೋ ಪೇಪರಲ್ಲಿ ನೋಡಬೇಕು ಅಂತಿದ್ದೆ. ಸೊಸೇದು ಬಂತು."

"ನಿಮ್ಮ ಮಗಂದು ಬಂದ್ರೆ ಕಾಣೆಯಾದವರ ಪುಟದಲ್ಲೇ ಅತ್ತೆ. ಸೋಪು ತರೋಕೆ ಹೋಗಿ ಎರಡು ಗಂಟೆ ಆಯ್ತು."

ಅತ್ತೆ ನಕ್ಕರು. ಅವಳೂ ನಕ್ಕಳು. ಆದರೆ ಫೋಟೋ ಬಂದರೆ ಬೀದಿಗಳಲ್ಲಿ ತನ್ನ ಗುರುತು ಸಿಕ್ಕಿಬಿಡುತ್ತದೆ ಎಂಬುದು ಅವಳ ತಲೆಯಿಂದ ಹೋಗಲಿಲ್ಲ.

ಮರುದಿನ ದರ್ಜಿಗೆ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಅವನು ಕತ್ತರಿ ಕೆಳಗಿಟ್ಟ. ಅವನ ಹೆಂಡತಿ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಕ್ಷಯದ ಕೆಲಸಕ್ಕೆ ಅಂತ ಬರೀತಾರಾ?" ಎಂದು ದರ್ಜಿ ಕೇಳಿದ.

"ಬರೀತಾರೆ."

"ಎದುರು ಮನೆ ಪೋಸ್ಟ್‌ಮ್ಯಾನ್ ಯಜಮಾನರು ರಿಟೈರ್ ಆದ್ಮೇಲೆ ಪೇಪರನ್ನು ಅಕ್ಷರ ಬಿಡದೆ ಓದ್ತಾರೆ. ನೀವು ದಿನಾ ಇಲ್ಲಿಗೆ ಬರೋದನ್ನೂ ಅಷ್ಟೇ ಶ್ರದ್ಧೆಯಿಂದ ನೋಡ್ತಾರೆ. ನನ್ನ ಬಾಯಿಂದ ರೋಗ ಹರಡಲ್ಲ ಅಂತ ನಿಮ್ಮ ಲ್ಯಾಬಿಗೆ ಗೊತ್ತು, ಬೀದಿಗೆ ಗೊತ್ತಿಲ್ಲ. ನಾಳೆಯಿಂದ ನನ್ನ ಹತ್ರ ಯಾರಮ್ಮ ಬಟ್ಟೆ ಕೊಡ್ತಾರೆ?" ಅವನ ದನಿ ಏರಲಿಲ್ಲ. "ಫೋಟೋ ಬಂದ ದಿನದಿಂದ ನೀವು ಈ ಹೊಸಿಲು ತುಳೀಬೇಡಿ."

"ಇನ್ನೂ ಎರಡು ತಿಂಗಳ ಮಾತ್ರೆ ಇದೆಯಲ್ಲ?"

"ಮಾತ್ರೆನೂ ಬೇಡ."

ಅವಳು ನೇರವಾಗಿ ಇಲಾಖೆಯ ಅಧಿಕಾರಿಯ ಬಳಿಗೆ ಹೋದಳು. ಫೋಟೋ ಬಿಟ್ಟು ಹೆಸರು ಮಾತ್ರ ಹಾಕಲು ಸಾಧ್ಯವೇ ಎಂದು ಕೇಳಿದಳು. ಫೋಟೋ ಆಗಲೇ ಪತ್ರಿಕೆಗಳಿಗೆ ಹೋಗಿದೆ, ಬೇಡವಾದರೆ ಪಟ್ಟಿಯಿಂದಲೇ ತೆಗೆಯಬೇಕು, ನಾಳೆಯೊಳಗೆ ಹೇಳಿ ಎಂದರು.

ಅವಳಿಗೆ ಪ್ರಶಸ್ತಿ ಬೇಕಿತ್ತು. ಬೇಡವೆಂದರೆ ಸುಳ್ಳಾಗುತ್ತಿತ್ತು. ಮನೆಮನೆಯ ಮೆಟ್ಟಿಲು ಸವೆಸಿದವಳು ಅವಳು, ಒಂದು ಶಾಲು ಹೊದೆಸಿಕೊಳ್ಳುವ ಹಕ್ಕು ಇದೆ ಎಂದೇ ಅಂದುಕೊಂಡಳು. ಆದರೆ ದರ್ಜಿಯನ್ನು ಬಿಟ್ಟುಕೊಡುವ ಪ್ರಶ್ನೆಯೂ ಇರಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಬೆಳಿಗ್ಗೆ ಅವಳ ಮನೆಗೆ ಹಾಲಿನವನು ಬಂದ. ಪ್ಯಾಕೆಟ್ ಇಟ್ಟ, ಪಕ್ಕದ ಮನೆಗೆ ಹೋದ, ಆಮೇಲೆ ಅದರ ಪಕ್ಕದ ಮನೆಗೆ. ಅವನು ಯಾರ ಮನೆಗೆ ಯಾಕೆ ಹೋದ ಎಂದು ಯಾರೂ ಕತ್ತೆತ್ತಿ ನೋಡುವುದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಎಲ್ಲ ಮನೆಗೂ ಹೋಗುವವರ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

"ನನ್ನ ಹೆಸರು ಇರಲಿ," ಎಂದು ಅಧಿಕಾರಿಗೆ ಫೋನ್ ಮಾಡಿದಳು. ದರ್ಜಿಗೂ ಹೇಳಿದಳು. "ಫೋಟೋ ಬಂದ ಬೆಳಿಗ್ಗೆ ನಾನು ಬಂದೇ ಬರ್ತೀನಿ. ಬಾಗಿಲು ತೆಗೆಯೋದು ಬಿಡೋದು ಅವತ್ತು ನೀವೇ ತೀರ್ಮಾನ ಮಾಡಿ."

ಆ ದಿನವೇ ಬಿಳಿ ಕೋಟನ್ನು ಇಸ್ತ್ರಿ ಮಾಡಿ ಹಾಕಿಕೊಂಡಳು. ಅವಳ ಪಾಲಿಗೆ ಮೂರು ಬೀದಿ, ನೂರ ಐವತ್ತು ಮನೆ. ಬಿಪಿ ನೋಡುವುದು, ತೂಕ ಬರೆದುಕೊಳ್ಳುವುದು, ಕೆಮ್ಮು ಎಷ್ಟು ದಿನದಿಂದ ಎಂದು ಕೇಳುವುದು. ಒಂದು ಬಾಗಿಲನ್ನೂ ಬಿಡಲಿಲ್ಲ. "ಇಷ್ಟೆಲ್ಲ ಯಾರು ಮಾಡು ಅಂದ್ರು?" ಎಂದು ಕೇಂದ್ರದ ಡಾಕ್ಟರಮ್ಮ ಕೇಳಿದರು. ಮರುದಿನ ಇನ್ನೊಂದು ಬಿಪಿ ಯಂತ್ರವನ್ನು ತಾವೇ ತಂದುಕೊಟ್ಟರು.

ಪೋಸ್ಟ್‌ಮ್ಯಾನ್ ಯಜಮಾನರು ಜಗಲಿಯಲ್ಲೇ ಕೂತಿದ್ದರು. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀವು ಎದುರು ಮನೆಗೆ ಬಟ್ಟೆ ಹೊಲಿಸೋಕೆ ಬರೋರಲ್ವಾ?"

"ಹೌದು. ನರ್ಸಮ್ಮನ ಬಟ್ಟೆ ಹರೀಬಾರದಾ?"

"ಹರೀಲಿ. ದಿನಾ ಹರಿಯುತ್ತಾ?"

"ತೋಳು ಚಾಚಿ ಯಜಮಾನರೇ." ಪಟ್ಟಿ ಸುತ್ತಿ ಯಂತ್ರ ನೋಡಿದಳು. "ನೂರ ಎಪ್ಪತ್ತು. ಬೀದಿ ಕಾಯೋದು ಸ್ವಲ್ಪ ಕಡಿಮೆ ಮಾಡಿ. ನಾಳೆಯಿಂದ ನಾನು ದಿನಾ ಬಂದು ನೋಡ್ತೀನಿ. ಉಪ್ಪು ಜಾಸ್ತಿ ತಿಂದಿದ್ರೆ ನನಗೆ ಗೊತ್ತಾಗುತ್ತೆ."

ಊರವರ ಸುದ್ದಿ ಹೊತ್ತು ಅಭ್ಯಾಸವಿದ್ದ ಯಜಮಾನರು ನರ್ಸಮ್ಮ ದಿನಾ ಬಂದು ಬಿಪಿ ನೋಡುವ ಸುದ್ದಿಯನ್ನೂ ಮನೆಮನೆಗೆ ಮುಟ್ಟಿಸಿದರು. ಆ ಬೀದಿಯಲ್ಲೇ ಇನ್ನೂ ಏಳು ಮಂದಿಗೆ ಬಿಪಿ ಹೆಚ್ಚಿತ್ತು. ಹೀಗೆ ಅವಳು ಅಲ್ಲಿ ದಿನಾ ತಟ್ಟುವ ಬಾಗಿಲು ದರ್ಜಿಯದೊಂದೇ ಅಲ್ಲದೆ ಇನ್ನೂ ಎಂಟಾದವು. ಮೊದಲ ಬೀದಿಯ ಕೊನೆಯಲ್ಲಿ ಒಬ್ಬ ಅಜ್ಜಿ ಎರಡು ತಿಂಗಳಿಂದ ಕೆಮ್ಮುತ್ತಿದ್ದಳು, ಯಾರಿಗೂ ಹೇಳಿರಲಿಲ್ಲ. ಅವಳ ಕಫವನ್ನು ಪರೀಕ್ಷೆಗೆ ಕಳುಹಿಸಿ, ರಿಸಲ್ಟ್ ಬಂದ ದಿನವೇ ಮಾತ್ರೆ ಶುರುಮಾಡಿಸಿದಳು. ಸನ್ಮಾನದ ಹಿಂದಿನ ಸಂಜೆ ನೂರ ಐವತ್ತನೆಯ ಬಾಗಿಲು ತಟ್ಟಿ, ಅಲ್ಲಿಯೇ ಒಂದು ಲೋಟ ನೀರು ಕೇಳಿ ಕುಡಿದಳು.

ಸನ್ಮಾನ ಚೆನ್ನಾಗಿಯೇ ನಡೆಯಿತು. ವೇದಿಕೆಯ ಮೇಲೆ ಕೂತಾಗಲೂ ಅವಳ ಮನಸ್ಸು ಮಾರನೆಯ ಬೆಳಿಗ್ಗೆಯ ಒಂದು ಬಾಗಿಲಲ್ಲಿತ್ತು.

ಬೆಳಿಗ್ಗೆ ಎಂಟಕ್ಕೆ ಮೂರನೆಯ ಬೀದಿಗೆ ಹೋದಳು. ದರ್ಜಿಯ ಬಾಗಿಲು ಅರ್ಧ ತೆರೆದಿತ್ತು. ಅವನು ಹೊಲಿಗೆ ಯಂತ್ರದ ಮುಂದೆ ಕೂತಿದ್ದ, ಯಂತ್ರ ಓಡುತ್ತಿರಲಿಲ್ಲ. ಅವಳು ಒಳಗೆ ಕಾಲಿಡುವ ಮೊದಲೇ ಹಿಂದಿನಿಂದ ಯಜಮಾನರು ಪತ್ರಿಕೆ ಹಿಡಿದು ಬಂದರು.

"ನೋಡಿದೆಯೇನಯ್ಯಾ? ನಮ್ಮ ಮನೆಗೆ ಬರೋ ಅಮ್ಮ!"

ದರ್ಜಿ ಫೋಟೋ ನೋಡಿದ. ಕೆಳಗಿನ ಸಾಲನ್ನೂ ಓದಿದ. ಕ್ಷಯ ಎಂಬ ಪದ ದಪ್ಪಕ್ಷರದಲ್ಲಿತ್ತು.

"ನಮ್ಮ ಮನೆಗೂ ಬರ್ತಾರೆ," ಎಂದ ನಿಧಾನವಾಗಿ.

"ಎಲ್ಲರ ಮನೆಗೂ ಬರ್ತಾರಪ್ಪ. ಅದೇನು ದೊಡ್ಡ ವಿಷಯ? ಆದ್ರೆ ಈ ಬೀದೀಲಿ ಮೊದಲು ನೋಡಿದ್ದು ನನ್ನ ಬಿಪಿನೇ, ಅದನ್ನ ಪೇಪರಿನವರು ಬರೆದಿಲ್ಲ." ಯಜಮಾನರು ಪತ್ರಿಕೆ ಮಡಚಿಕೊಂಡು ಮುಂದಿನ ಮನೆಗೆ ಹೊರಟರು.

ಆಮೇಲೆ ದರ್ಜಿ ಹೆಂಡತಿಯ ಕಡೆ ತಿರುಗಿದ. "ನೀರು ತಾ."

ಮಾತ್ರೆ ನುಂಗಿದ. ಅವಳು ನೋಡಿದಳು, ಚೀಟಿಯಲ್ಲಿ ಗುರುತು ಹಾಕಿದಳು, ಚೀಲ ಹೆಗಲಿಗೇರಿಸಿದಳು.

"ನಾಳೆಯಿಂದ ಏಳೂವರೆಗೆ ಬನ್ನಿ," ಎಂದ ಅವನು, ಸೂಜಿಗೆ ದಾರ ಪೋಣಿಸುತ್ತ. "ಎಂಟಕ್ಕೆ ನನ್ನ ಗಿರಾಕಿಗಳು ಬರ್ತಾರೆ."