ಅತ್ತೆಯ ಕೆಮ್ಮು ಮತ್ತು ಕಾರಿನ ಖಾಲಿ ಗೂಡು

ಬೆಳಿಗ್ಗೆಯಿಂದ ಎರಡನೇ ಸಲ ದೇವರ ಜಗುಲಿ ಒರೆಸುತ್ತಿದ್ದೆ. ಸಿಮೆಂಟ್ ಕಾರ್ಖಾನೆಯ ನಮ್ಮೂರು ವಾಡಿಯಲ್ಲಿ ಧೂಳು ದೇವರನ್ನೂ ಬಿಡುವುದಿಲ್ಲ. ಆಗ ನಮ್ಮ ಯಜಮಾನರ ಫೋನ್ ಬಂತು. ಕಾರಿನ ಆಯಿಲ್, ಫಿಲ್ಟರ್ ಬದಲಿಸಲು ಶಹಾಬಾದಿನ ಗ್ಯಾರೇಜಿಗೆ ಹೋಗಿದ್ದರು.

“ಕೇಳಾಕತ್ತೀಯೇನು? ಏಸಿ ಫಿಲ್ಟರಿನ ಗೂಡು ಖಾಲಿ ಅದ. ಫಿಲ್ಟರೇ ಇಲ್ಲ!”

ಒರೆಸುವ ಬಟ್ಟೆ ಹಿಡಿದು ಹಾಗೇ ಕುಳಿತುಬಿಟ್ಟೆ. ಹೋದ ಬೇಸಿಗೆಯಲ್ಲಿ ತಣ್ಣನೆ ಗಾಳಿ ಬರುತ್ತಿಲ್ಲವೆಂದಾಗ ಬೇರೊಬ್ಬ ಮೆಕ್ಯಾನಿಕ್, ಒಳಬರುವ ಗಾಳಿಯ ಧೂಳು ತಡೆಯುವ ಆ ಫಿಲ್ಟರನ್ನು ತೆಗೆದಿದ್ದ. ನಮ್ಮ ಕಡೆ ಫಿಲ್ಟರಿನಲ್ಲಿ ಧೂಳು ತುಂಬಿತೆಂದರೆ ಹಾಗೆ ತೆಗೆಸಿ ಓಡಾಡುವವರೇ ಹೆಚ್ಚು. ನಾವೋ, ಹೊಸದು ಹಾಕಿದ್ದಾನೆಂದೇ ತಿಳಿದಿದ್ದೆವು. ಅಂದಿನಿಂದ, ಮೊದಲೇ ದಮ್ಮಿರುವ ನಮ್ಮ ಅತ್ತೆ ಕಲಬುರಗಿಯ ದವಾಖಾನೆಗೆ ಹೋಗುವಾಗ ದಾರಿಯುದ್ದಕ್ಕೂ ಕೆಮ್ಮುತ್ತಿದ್ದರು. ಕೊನೆಗೆ “ಇನ್ನ ಆ ಗಾಡಿ ಹತ್ತಂಗಿಲ್ಲ” ಎಂದು ಹಟ ಹಿಡಿದು ತಪಾಸಣೆಯನ್ನೇ ಬಿಟ್ಟಿದ್ದರು.

ಮಂಚದ ಮೇಲೆ ಒರಗಿದ್ದ ಅವರಿಗೆ ವಿಷಯ ಹೇಳಿದೆ. ಕೇಳಿ ನಕ್ಕರು. “ಹಂಗಾರ ಇಷ್ಟ್ ದಿನ ಗಾಡಿಗಿ ನನ್ನ ಎದೀನೇ ಫಿಲ್ಟರ್ ಆಗಿತ್ತೇನವ್ವ? ಹೊಸಾದು ಹಾಕ್ಸು ಅನ್ನು ಅವಂಗ. ನಾಳಿ ದವಾಖಾನಿಗಿ ಬರ್ತೀನಿ.”

ಕಂಪನಿಯ ಫಿಲ್ಟರ್ ಸಿಗಲಿಲ್ಲ. ಯಜಮಾನರು ಅಳತೆಗೆ ಕೂಡುವ ಬೇರೊಂದನ್ನು ಹಾಕಿಸಿಕೊಂಡು ಬಂದರು. ಅತ್ತೆಯ ದಮ್ಮು ಅದರಿಂದ ವಾಸಿಯಾಗದು, ಗೊತ್ತಿದೆ. ಆದರೂ ಬರುತ್ತೇನೆಂದರಲ್ಲ, ಇವತ್ತಿಗೆ ದೇವರು ಕೊಟ್ಟದ್ದು ಅಷ್ಟು. ಕೈಮುಗಿದು, ನಾಳೆಯ ಬುತ್ತಿಗೆ ಜೋಳದ ಹಿಟ್ಟು ಜರಡಿಯಲ್ಲಿ ಸಾಣಿಸಲು ಎದ್ದೆ.