‘ನೋಡೋಣ’ ಎಂಬ ಗುಂಡಿ

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ನಾಗಪುರದ ನಮ್ಮ ಕಂಪನಿ ಮಾಡಿದ ವೆಬ್‌ಸೈಟಿಗೆ ‘ನಿಮ್ಮ ನಿರ್ಧಾರ’ ಎಂದು ಹೆಸರಿಟ್ಟಿದ್ದರು. ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸುವಾಗ, ಅದಕ್ಕೆ ಸೇರಬೇಕೋ ಬೇಡವೋ ಎಂದು ರೋಗಿಯೇ ಯೋಚಿಸಿ ತೀರ್ಮಾನಿಸಲಿ ಎಂದು ಮಾಡಿದ ಪುಟಗಳಂತೆ. ಒಂದು ಆಸ್ಪತ್ರೆಯ ಹಾಲ್‌ನಲ್ಲಿ ಕಂಪ್ಯೂಟರ್ ಇಟ್ಟು ತೋರಿಸುತ್ತಿದ್ದರು. ಪುಟಗಳ ವಿನ್ಯಾಸ ನನ್ನದು. ಬುದ್ಧಿ ನಮ್ಮ ಸಾಹೇಬರದು, ಅದಕ್ಕೇ ಅದು ಹಾಗಿತ್ತು.

ಕೊನೆಯ ಪುಟದಲ್ಲಿ ಎರಡೇ ಗುಂಡಿ. ಹಸಿರು ಬಣ್ಣದ್ದು ‘ಹೌದು, ಸೇರುತ್ತೇನೆ’. ಬೂದು ಬಣ್ಣದ್ದು ಮರಾಠಿಯ ‘ಬಘೂ’, ಅಂದರೆ ನೋಡೋಣ. ‘ಬೇಡ’ ಎಲ್ಲಿ ಎಂದು ಕೇಳಿದೆ. ಸಾಹೇಬರು ಪೆದ್ದಿಯನ್ನು ನೋಡುವಂತೆ ನನ್ನನ್ನು ನೋಡಿದರು.

“ಬೇಡ ಅನ್ನೋರು ಎದ್ದು ಹೋಗ್ತಾರೆ. ಅವರಿಗೆ ಗುಂಡಿ ಯಾಕೆ?” ಎಂದು ಹಿಂದಿಯಲ್ಲಿ ಹೇಳಿ ಚಹಾ ತರಿಸಿದರು.

ಇದೇ ಊರಲ್ಲಿ ಹುಟ್ಟಿ ಬೆಳೆದ ಮಹಾಶಯನಿಗೆ ‘ಬಘೂ’ ಅಂದರೆ ಏನೆಂದು ಗೊತ್ತಿರಲಿಲ್ಲ. ಹೆಣ್ಣು ಒಪ್ಪಿಗೆಯಾಗದ ವರನ ಕಡೆಯವರು ನೋಡೋಣ ಅಂತಾರೆ. ಹಬ್ಬಕ್ಕೆ ಕರೆದರೆ, ಬರುವ ಮನಸ್ಸಿಲ್ಲದವರೂ ನೋಡೋಣ ಅಂತಾರೆ. ಮರಾಠಿಯವರಿರಲಿ, ಧಾರವಾಡದ ಕಡೆಯ ನಾವಿರಲಿ, ಎದುರಿದ್ದವರ ಮನಸ್ಸು ನೋಯಿಸದೆ ಬೇಡ ಎನ್ನುವುದು ಹೀಗೇ. ನಮ್ಮ ಮೀಟಿಂಗಿನ ಪಂಡಿತರು ಮಾತ್ರ ‘ಬಘೂ’ ಒತ್ತಿದವರನ್ನೆಲ್ಲ ಅರ್ಧ ಒಪ್ಪಿದವರೆಂದು ತಿಳಿದು, ಅವರಿಗೆ ಫೋನ್ ಮಾಡಲು ಒಬ್ಬ ಹುಡುಗಿಯನ್ನು ನೇಮಿಸಿದರು.

ನನ್ನ ಮೌಶಿ, ಅಂದರೆ ಅಮ್ಮನ ತಂಗಿ, ಸಂಧಿವಾತಕ್ಕೆ ಅದೇ ಆಸ್ಪತ್ರೆಗೆ ಹೋಗುತ್ತಿದ್ದಳು. ಅವಳೂ ಆ ಕಂಪ್ಯೂಟರ್ ಮುಂದೆ ಕೂತು ‘ಬಘೂ’ ಒತ್ತಿ ಬಂದಳು. ಪರೀಕ್ಷೆಗೆ ಸೇರಿದರೆ ಈಗಿನ ಗುಳಿಗೆ ನಿಲ್ಲಿಸಬೇಕಿತ್ತು. ಆ ಗುಳಿಗೆ ಇದ್ದದ್ದಕ್ಕೇ ಅವಳು ಮೆಟ್ಟಿಲಿಳಿದು ಮೆಂತ್ಯೆಸೊಪ್ಪು ತರುತ್ತಿದ್ದಳು. ಅದು ಸಿಗುವ ಮುಂಚೆ ತಲೆ ಬಾಚಿಕೊಳ್ಳಲೂ ಆಗದೆ ಅತ್ತದ್ದನ್ನು ನಾನು ಕಂಡಿದ್ದೆ.

ಫೋನು ಬಂತು. ‘ಬಘೂ’ ಅಂದಳು. ಮತ್ತೆ ಬಂತು, ಮತ್ತೆ ಅದೇ ಮಾತು. ಕೊನೆಗೆ ಕರೆದೊಯ್ಯಲು ಬಾಗಿಲಿಗೆ ಆಸ್ಪತ್ರೆಯ ಗಾಡಿಯೇ ಬಂದು ನಿಂತಿತು. ಬಂದವರನ್ನು ಬರಿಗೈಲಿ ಕಳಿಸುವುದು ಅವಳ ಜಾಯಮಾನವಲ್ಲ. ನನಗೊಂದು ಫೋನ್ ಮಾಡಿ ಗಾಡಿ ಹತ್ತಿಬಿಟ್ಟಳು. ನನಗೆ ಮೈಯೆಲ್ಲ ಉರಿದುಹೋಯಿತು. ಆಸ್ಪತ್ರೆಗೆ ಓಡಿದೆ.

ಡಾಕ್ಟರು ಪೆನ್ನು ಚಾಚಿ, “ಬರೋಬರ್ ಅಲ್ವಾ ಆಜಿ? ಇಲ್ಲಿ ಸಹಿ ಹಾಕಿ” ಎಂದು ಮರಾಠಿಯಲ್ಲಿ ಹೇಳುತ್ತಿದ್ದರು. ಮೌಶಿ ಪೆನ್ನು ನೋಡಿದಳು, ತನ್ನ ಸೊಟ್ಟ ಬೆರಳು ನೋಡಿಕೊಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

“ನಕೋ, ಡಾಕ್ಟರ್‌ಸಾಹೇಬ್. ನನ್ನ ಗುಳಿಗೆ ನನಗಿರಲಿ.”

ಬೇಡ ಎಂದು ನೇರವಾಗಿ ಅವಳು ಯಾರಿಗಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಡಾಕ್ಟರು ಒತ್ತಾಯಿಸಲಿಲ್ಲ. ನಿಮಗೆ ಇಷ್ಟವಿದೆ ಅಂತ ಕಂಪ್ಯೂಟರ್‌ನಲ್ಲಿ ಬಂದಿತ್ತಲ್ಲ ಎಂದು ಆಶ್ಚರ್ಯಪಟ್ಟರು.

ವಾಪಸು ಬರುವಾಗ ಆಟೋದಲ್ಲಿ ಮೌಶಿ ಕೇಳಿದಳು. “ಅಲ್ಲವ್ವಾ, ಆ ನಿಮ್ಮ ಕಂಪ್ಯೂಟರ್‌ನ್ಯಾಗ ನಕೋ ಅನ್ನೂ ಗುಂಡಿ ಭಾಳ ಹುಡುಕಿದೆ. ಮಷೀನಿಗೆ ಬ್ಯಾಡ ಅನ್ಲಿಕ್ಕೆ ನನಗೇನು ಸಂಕೋಚ ಇರಲಿಲ್ಲ. ಎಲ್ಲಿ ಇಟ್ಟೀರಿ ಅದನ್ನ?”

“ಇಟ್ಟೇ ಇಲ್ಲ ಮೌಶಿ.”

“ಮತ್ತ ಮ್ಯಾಲೆ ‘ನಿಮ್ಮ ನಿರ್ಧಾರ’ ಅಂತ ಯಾಕ ಬರದೀರಿ?”